ಲಾ ರಿವ್ಯೂ ಲೇಖನ ತೀರ್ಪಾಗುವ ಬಗೆ: ಅಮೆರಿಕದ ಜನ್ಮಸಿದ್ಧ ಪೌರತ್ವದ ವಾದ

(ಕಾನೂನು ವಿದ್ಯಾರ್ಥಿಗಳ ಮುಂದೆ 2026ರ ಜನವರಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಎದುರಿಗೆ ಕುಳಿತಿರುವ ವಿದ್ಯಾರ್ಥಿ ಮಿತ್ರರಿಗೆ ನಮಸ್ಕಾರ.

ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ 2011ರಲ್ಲಿ ನ್ಯಾಯಾಧೀಶರ ಸಮ್ಮೇಳನವೊಂದರಲ್ಲಿ ಆಡಿದ ಒಂದು ಮಾತು ಅಲ್ಲಿನ ಪ್ರಾಧ್ಯಾಪಕರನ್ನು ಬಹಳ ನೋಯಿಸಿತ್ತು. ಯಾವುದೇ ಲಾ ರಿವ್ಯೂ, ಅಂದರೆ ಕಾನೂನು ಶಾಲೆಗಳ ವಿದ್ವತ್ ಪತ್ರಿಕೆ, ತೆರೆದು ನೋಡಿ, ಮೊದಲ ಲೇಖನ ಹದಿನೆಂಟನೆಯ ಶತಮಾನದ ಬಲ್ಗೇರಿಯಾದ ಸಾಕ್ಷ್ಯ ನಿಯಮಗಳ ಮೇಲೆ ಇಮ್ಯಾನುಯೆಲ್ ಕಾಂಟನ ಪ್ರಭಾವ ಎಂಬಂಥದ್ದಿರುತ್ತದೆ, ಬರೆದವರಿಗೆ ಅದು ಮುಖ್ಯವಿರಬಹುದು, ವಕೀಲರಿಗೆ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ ಎಂಬುದು ಆ ಮಾತಿನ ಸಾರ. ಹದಿನಾಲ್ಕು ವರ್ಷ ಕಳೆಯಿತು. 2025ರ ಜೂನ್ 27ರಂದು ಅದೇ ಸುಪ್ರೀಂ ಕೋರ್ಟು, ರಾಬರ್ಟ್ಸ್ ಅವರೂ ಸೇರಿದ ಆರು ನ್ಯಾಯಮೂರ್ತಿಗಳ ಬಹುಮತದಿಂದ, ಜನ್ಮಸಿದ್ಧ ಪೌರತ್ವದ ಆದೇಶದಿಂದ ಹುಟ್ಟಿದ ಟ್ರಂಪ್ ವಿರುದ್ಧ ಕಾಸಾ (ವಲಸಿಗರ ಪರ ಸಂಸ್ಥೆ) ಪ್ರಕರಣದ ತೀರ್ಪು ಕೊಟ್ಟಿತು. ಆ ತೀರ್ಪಿನ ವಾದಸರಣಿಯನ್ನು ಹಿಂಬಾಲಿಸಿ ಹೋದರೆ ನೀವು ತಲುಪುವುದು 2017ರ ಹಾರ್ವರ್ಡ್ ಲಾ ರಿವ್ಯೂನಲ್ಲಿ ಬಂದ ಒಂದು ಲೇಖನಕ್ಕೆ.

ಅಮೆರಿಕದಲ್ಲಿ ಕಾನೂನು ವಿದ್ವಾಂಸರು ನ್ಯಾಯಾಲಯದ ಹೊರಗೆ ನಿಂತು ವ್ಯಾಖ್ಯಾನ ಮಾಡುವ ಪ್ರೇಕ್ಷಕರಲ್ಲ. ಅವರು ಬರೆದದ್ದು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಬಳಿಕವೂ ಕಟಕಟೆಗೆ ಬಂದು ನಿಲ್ಲುತ್ತದೆ. ಹಾಗಾಗಿ ಬರೆಯುವಾಗ ಏನನ್ನು ಬಿಟ್ಟೆವು ಎಂಬುದಕ್ಕೂ ಅವರು ಉತ್ತರ ಕೊಡಬೇಕಾಗುತ್ತದೆ. ಈ ಮಾತನ್ನು ಜನ್ಮಸಿದ್ಧ ಪೌರತ್ವದ ವಾದವೊಂದನ್ನೇ ಹಿಡಿದು ವಿವರಿಸುತ್ತೇನೆ.

ಲಾ ರಿವ್ಯೂ ಎಂದರೇನೆಂದು ಮೊದಲು ಹೇಳಿಬಿಡುತ್ತೇನೆ. ಹಾರ್ವರ್ಡ್ ಲಾ ರಿವ್ಯೂ 1887ರಲ್ಲಿ ಆರಂಭವಾದದ್ದು. ಇಂಥ ಪತ್ರಿಕೆಗಳ ಸಂಪಾದಕರು ಹೆಚ್ಚಾಗಿ ವಿದ್ಯಾರ್ಥಿಗಳು, ನಿಮ್ಮದೇ ವಯಸ್ಸಿನವರು. ಪ್ರಾಧ್ಯಾಪಕರು ಒಂದೇ ಲೇಖನವನ್ನು ಏಕಕಾಲಕ್ಕೆ ಹಲವು ಪತ್ರಿಕೆಗಳಿಗೆ ಕಳಿಸುತ್ತಾರೆ. ಆಯ್ಕೆ ಮಾಡುವವರೂ ವಿದ್ಯಾರ್ಥಿಗಳೇ. ವೈದ್ಯಕೀಯ ಪತ್ರಿಕೆಗಳಲ್ಲಿರುವಂತೆ ಅದೇ ಕ್ಷೇತ್ರದ ಪರಿಣತರು ಓದಿ ಒಪ್ಪಿಗೆ ಕೊಡಬೇಕೆಂಬ ಪದ್ಧತಿ ಬಹುಮಟ್ಟಿಗೆ ಇಲ್ಲ. ವಿದ್ಯಾರ್ಥಿ ಸಂಪಾದಕರು ಒಂದೊಂದು ಅಡಿಟಿಪ್ಪಣಿಯನ್ನೂ ಮೂಲದ ಜೊತೆ ಹೋಲಿಸುತ್ತಾರೆ. ಹೇಳಿದ ಪುಟದಲ್ಲಿ ಹೇಳಿದ ಮಾತು ಇದೆಯೇ ಎಂದು ಪಟ್ಟುಹಿಡಿದು ನೋಡುತ್ತಾರೆ. ಅದು ಸಣ್ಣ ಕೆಲಸವಲ್ಲ. ಆದರೆ ಪಕ್ಕದ ಪುಟದಲ್ಲಿ ಅದಕ್ಕೆ ವಿರುದ್ಧವಾದ ಮಾತಿದ್ದು ಲೇಖಕರು ಅದನ್ನು ಬಿಟ್ಟಿದ್ದರೆ, ಅದನ್ನು ಕಂಡುಹಿಡಿಯಲು ವಿಷಯ ಆಳವಾಗಿ ತಿಳಿದಿರಬೇಕು.

ಇನ್ನು ವಿಷಯಕ್ಕೆ ಬರೋಣ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಟ್ರಂಪ್ 14160ನೆಯ ಸಂಖ್ಯೆಯ ಕಾರ್ಯಾಂಗ ಆದೇಶಕ್ಕೆ ಸಹಿ ಹಾಕಿದರು. ಮೂವತ್ತು ದಿನ ಕಳೆದ ಮೇಲೆ ಅಮೆರಿಕದ ನೆಲದಲ್ಲಿ ಹುಟ್ಟುವ ಎರಡು ವರ್ಗದ ಮಕ್ಕಳನ್ನು ಪೌರರೆಂದು ಗುರುತಿಸಬಾರದು ಎಂದು ಅದು ಹೇಳುತ್ತದೆ. ತಾಯಿ ಅಕ್ರಮವಾಗಿ ನೆಲೆಸಿದ್ದು, ತಂದೆ ಪೌರನೂ ಅಲ್ಲದೆ ಗ್ರೀನ್ ಕಾರ್ಡ್ ಹೊಂದಿದವನೂ ಅಲ್ಲದಿದ್ದರೆ, ಅದು ಮೊದಲ ವರ್ಗ. ತಾಯಿ ಸಕ್ರಮವಾಗಿಯೇ ಇದ್ದರೂ ತಾತ್ಕಾಲಿಕವಾಗಿ, ಅಂದರೆ ವಿದ್ಯಾರ್ಥಿ ವೀಸಾ, ಉದ್ಯೋಗ ವೀಸಾ, ಪ್ರವಾಸಿ ವೀಸಾ ಇಂಥವುಗಳ ಮೇಲೆ ಇದ್ದು, ತಂದೆಯ ಸ್ಥಿತಿ ಮೇಲೆ ಹೇಳಿದಂತೆಯೇ ಇದ್ದರೆ, ಅದು ಎರಡನೆಯದು.

ಸುದ್ದಿವಾಹಿನಿಗಳು ಮೊದಲನೆಯ ವರ್ಗದ ಬಗ್ಗೆಯೇ ಮಾತಾಡಿದವು. ನಮಗೆ ತಟ್ಟುವುದು ಎರಡನೆಯದು. ಎಚ್‌1ಬಿ ವೀಸಾದ ಮೇಲೆ ಅಲ್ಲಿ ಕೆಲಸಕ್ಕಿರುವ ಕನ್ನಡಿಗ ಎಂಜಿನಿಯರ್ ದಂಪತಿ ಯಾವ ವರ್ಗಕ್ಕೆ ಬರುತ್ತಾರೆ ಎಂದು ಲೆಕ್ಕ ಹಾಕಿ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ. 7ರ ಮಿತಿಯಿದೆ. ಆ ಮಿತಿಯ ಕಾರಣ ಭಾರತದಲ್ಲಿ ಹುಟ್ಟಿದವರ ಸರದಿ ವರ್ಷಗಟ್ಟಲೆ ಮುಂದೆ ಸರಿಯುವುದಿಲ್ಲ. ಹತ್ತು ಹದಿನೈದು ವರ್ಷ ಅಲ್ಲೇ ದುಡಿದು, ತೆರಿಗೆ ಕಟ್ಟಿ, ಸಾಲ ಮಾಡಿ ಮನೆ ಕೊಂಡವರು ಕೂಡ ಈ ಆದೇಶದ ಲೆಕ್ಕದಲ್ಲಿ ತಾತ್ಕಾಲಿಕರೇ. ನಿಮ್ಮ ಬಂಧುಬಳಗದಲ್ಲಿ ಇಂಥವರು ಇರಬಹುದು.

ಆದೇಶ ಎದುರು ಹಾಕಿಕೊಂಡದ್ದು ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯ ಮೊದಲ ವಾಕ್ಯವನ್ನು. 1857ರ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಅವರು ಆಫ್ರಿಕಾ ಮೂಲದ ಕಪ್ಪು ಜನ, ಗುಲಾಮರಿರಲಿ ಸ್ವತಂತ್ರರಿರಲಿ, ಅಮೆರಿಕದ ಪೌರರಾಗಲಾರರು ಎಂದು ಬರೆದಿದ್ದರು. ಅಂತರ್ಯುದ್ಧ ಮುಗಿದ ಮೇಲೆ, 1868ರಲ್ಲಿ, ಆ ತೀರ್ಪನ್ನು ಸಂವಿಧಾನದ ಮಟ್ಟದಲ್ಲೇ ಅಳಿಸಿಹಾಕಿದ ವಾಕ್ಯ ಇದು. ಅಮೆರಿಕದಲ್ಲಿ ಹುಟ್ಟಿದ ಮತ್ತು ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲ ವ್ಯಕ್ತಿಗಳೂ ಅದರ ಪೌರರು. ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಂಬ ಆ ಷರತ್ತಿನ ಸುತ್ತಲೇ ನೂರೈವತ್ತು ವರ್ಷಗಳಿಂದ ವಿದ್ವಾಂಸರ ಜಗಳ ನಡೆದಿದೆ.

ಈ ಜಗಳ ಎಷ್ಟು ಸಣ್ಣ ಜಾಗದಲ್ಲಿ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. 1866ರ ಮೇ 30ರಂದು ಮಿಷಿಗನ್‌ನ ಸೆನೆಟರ್ ಜೇಕಬ್ ಹೋವರ್ಡ್ ಈ ವಾಕ್ಯವನ್ನು ಸೆನೆಟ್‌ನಲ್ಲಿ ಮಂಡಿಸಿದರು. ಅವರ ಭಾಷಣ ಕಾಂಗ್ರೆಷನಲ್ ಗ್ಲೋಬ್ ಎಂಬ ಕಲಾಪ ವರದಿಯ 2890ನೆಯ ಪುಟದಲ್ಲಿ ಅಚ್ಚಾಗಿದೆ. ಈ ನಿಯಮ ಯಾರನ್ನು ಒಳಗೊಳ್ಳುವುದಿಲ್ಲ ಎಂದು ಹೇಳುವಾಗ ಅವರು ಸಾಲಾಗಿ ವಿದೇಶಿಯರು, ಪರಕೀಯರು, ರಾಯಭಾರಿಗಳ ಕುಟುಂಬಗಳಿಗೆ ಸೇರಿದವರು ಎನ್ನುತ್ತಾರೆ. ಉಳಿದ ಎಲ್ಲ ವರ್ಗದವರನ್ನೂ ಇದು ಒಳಗೊಳ್ಳುತ್ತದೆ ಎಂದು ಮುಗಿಸುತ್ತಾರೆ. ನಡುವೆ ಇರುವುದು ಬರಿಯ ಅಲ್ಪವಿರಾಮಗಳು. ಇವು ಮೂರು ಬೇರೆ ಬೇರೆ ವರ್ಗಗಳೋ, ಅಥವಾ ರಾಯಭಾರಿಗಳ ಕುಟುಂಬದವರಾದ ವಿದೇಶಿಯರು ಎಂಬ ಒಂದೇ ವರ್ಗವೋ? ಮೊದಲ ಓದನ್ನು ಒಪ್ಪಿದರೆ ವಿದೇಶಿಯರ ಮಕ್ಕಳೆಲ್ಲ ಹೊರಗೆ. ಎರಡನೆಯದನ್ನು ಒಪ್ಪಿದರೆ ರಾಯಭಾರಿಗಳ ಮಕ್ಕಳಷ್ಟೇ ಹೊರಗೆ. ಪೌರತ್ವವನ್ನು ಕಿರಿದು ಮಾಡಬಯಸುವ ಲೇಖನಗಳಲ್ಲಿ ಈ ವಾಕ್ಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಆದರೆ ಅದೇ ಪುಟದಲ್ಲಿ ಕೆಳಗೆ ಇಳಿಯಿರಿ. ಪೆನ್ಸಿಲ್ವೇನಿಯಾದ ಎಡ್ಗರ್ ಕೋವನ್ ಎದ್ದು ನಿಂತು ಆಕ್ಷೇಪ ಎತ್ತುತ್ತಾರೆ. ಕ್ಯಾಲಿಫೋರ್ನಿಯಾದ ಚೀನೀ ವಲಸಿಗನ ಮಗು ಪೌರನೇ? ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಜಿಪ್ಸಿಯ ಮಗು ಪೌರನೇ? ಹೋದಲ್ಲೆಲ್ಲ ಅತಿಕ್ರಮಿಸಿ ನೆಲೆಯೂರುವವರು ಎಂದು ಜಿಪ್ಸಿಗಳನ್ನು ಅವರು ಹಳಿಯುತ್ತಾರೆ. ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಕಾನೆಸ್, ಐರ್ಲೆಂಡಿನಲ್ಲಿ ಹುಟ್ಟಿ ಬಂದವರು, ಇದಕ್ಕೆ ನೇರವಾಗಿ ಉತ್ತರಿಸುತ್ತಾರೆ: ಹೌದು, ಚೀನೀ ತಂದೆತಾಯಿಗಳಿಗೆ ಇಲ್ಲಿ ಹುಟ್ಟಿದ ಮಕ್ಕಳೂ ಪೌರರಾಗುತ್ತಾರೆ, ಅದನ್ನು ನಾನು ಬೆಂಬಲಿಸುತ್ತೇನೆ. ವಿರೋಧಿಸಿದವರೂ ಬೆಂಬಲಿಸಿದವರೂ ಆ ವಾಕ್ಯಕ್ಕೆ ಒಂದೇ ಅರ್ಥ ಮಾಡಿಕೊಂಡಿದ್ದರು. ವಿದೇಶಿಯರ ಮಕ್ಕಳನ್ನು ಹೋವರ್ಡ್ ಆಗಲೇ ಹೊರಗಿಟ್ಟಿದ್ದರೆ ಕೋವನ್ ಅಷ್ಟು ಗಾಬರಿಗೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ಅಲ್ಪವಿರಾಮದ ಮೇಲೆ ಪುಟಗಟ್ಟಲೆ ಬರೆದು ಕೋವನ್ ಮತ್ತು ಕಾನೆಸ್ ಅವರ ಮಾತನ್ನು ಕೈಬಿಡುವ ಲೇಖನವನ್ನು ನಾನು ವಿದ್ವತ್ತು ಎಂದು ಒಪ್ಪುವುದಿಲ್ಲ.

ವಿರುದ್ಧ ಪಕ್ಷದಲ್ಲಿ ಗಟ್ಟಿ ಆಧಾರಗಳೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1884ರ ಎಲ್ಕ್ ವಿರುದ್ಧ ವಿಲ್ಕಿನ್ಸ್ ಪ್ರಕರಣವನ್ನು ನೋಡಿ. ಜಾನ್ ಎಲ್ಕ್ ಎಂಬ ಮೂಲನಿವಾಸಿ ತನ್ನ ಬುಡಕಟ್ಟನ್ನು ತೊರೆದು ಒಮಾಹಾ ನಗರದಲ್ಲಿ ನೆಲೆಸಿ, ಮತದಾರರ ಪಟ್ಟಿಗೆ ಸೇರಲು ಹೋದ. ಹುಟ್ಟುವಾಗ ನೀನು ಬುಡಕಟ್ಟಿಗೆ ನಿಷ್ಠನಾಗಿದ್ದೆ, ಆದ್ದರಿಂದ ಹುಟ್ಟಿನಿಂದ ಪೌರನಲ್ಲ ಎಂದಿತು ಸುಪ್ರೀಂ ಕೋರ್ಟು. ಮೂಲನಿವಾಸಿಗಳೆಲ್ಲರಿಗೆ ಪೌರತ್ವ ಸಿಕ್ಕಿದ್ದು 1924ರ ಕಾಯ್ದೆಯಿಂದ. ಬರಿಯ ನೆಲದ ಮೇಲೆ ಹುಟ್ಟಿದರೆ ಸಾಲದು, ನಿಷ್ಠೆಯೂ ಬೇಕು ಎನ್ನುವವರು ಇಂದಿಗೂ ಎಲ್ಕ್ ತೀರ್ಪನ್ನೇ ಮುಂದಿಡುತ್ತಾರೆ. ಅದನ್ನು ಬರೆದವರು ನ್ಯಾಯಮೂರ್ತಿ ಹೊರೇಸ್ ಗ್ರೇ. ಈ ಹೆಸರು ನೆನಪಿರಲಿ.

ಎಲ್ಕ್ ತೀರ್ಪು ಬಂದ 1884ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ವಕೀಲ ಜಾರ್ಜ್ ಕಾಲಿನ್ಸ್ ಅಮೆರಿಕನ್ ಲಾ ರಿವ್ಯೂನಲ್ಲಿ ಒಂದು ಲೇಖನ ಬರೆದ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಪೌರರಾಗುವುದಿಲ್ಲ, ತಂದೆಯ ರಾಷ್ಟ್ರೀಯತೆಯೇ ಮಗುವಿನ ರಾಷ್ಟ್ರೀಯತೆ ಎಂಬುದು ಅವನ ವಾದ. 1895ರಲ್ಲಿ ಮತ್ತೊಂದು ಬರೆದ. ಬರೆದು ಸುಮ್ಮನಾಗಲಿಲ್ಲ, ಚೀನೀಯರ ಮಕ್ಕಳ ಪೌರತ್ವವನ್ನು ಪ್ರಶ್ನಿಸಿ ಸರ್ಕಾರ ಮೊಕದ್ದಮೆ ನಡೆಸಿದಾಗ ಸರ್ಕಾರದ ಪಕ್ಷದ ವಕೀಲರ ಜೊತೆ ತಾನೇ ಸೇರಿಕೊಂಡ. ಲೇಖನ ದಾವೆಯ ಆಯುಧವಾದದ್ದು ಇತ್ತೀಚಿನ ಬೆಳವಣಿಗೆ ಎಂದು ಯಾರಾದರೂ ಹೇಳಿದರೆ ಕಾಲಿನ್ಸನ ಹೆಸರು ಹೇಳಿ.

ಆ ಮೊಕದ್ದಮೆಯಲ್ಲಿ ಸಿಕ್ಕಿಕೊಂಡವನು ವಾಂಗ್ ಕಿಮ್ ಆರ್ಕ್. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ವ್ಯಾಪಾರಿ ದಂಪತಿಯ ಮಗನಾಗಿ ಹುಟ್ಟಿದವನು, ಅಡುಗೆ ಕೆಲಸದವನು. 1894ರಲ್ಲಿ ಚೀನಾಕ್ಕೆ ಹೊರಡುವ ಮುನ್ನ, ತಾನು ಇಲ್ಲಿಯೇ ಹುಟ್ಟಿದವನು ಎಂಬ ಪ್ರಮಾಣಪತ್ರಕ್ಕೆ ಬಿಳಿಯ ಸಾಕ್ಷಿಗಳ ಸಹಿ ಹಾಕಿಸಿ, ತನ್ನ ಭಾವಚಿತ್ರ ಅಂಟಿಸಿ ಇಟ್ಟುಕೊಂಡಿದ್ದ. ಆ ಕಾಗದ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇದೆ. 1895ರ ಆಗಸ್ಟಿನಲ್ಲಿ ಕಾಪ್ಟಿಕ್ ಎಂಬ ಹಡಗಿನಲ್ಲಿ ಹಿಂತಿರುಗಿದಾಗ ಆ ಕಾಗದ ಕೆಲಸಕ್ಕೆ ಬರಲಿಲ್ಲ. ನೀನು ಪೌರನಲ್ಲ ಎಂದು ಸುಂಕದ ಅಧಿಕಾರಿ ಇಳಿಯಲು ಬಿಡಲಿಲ್ಲ. ಹುಟ್ಟಿದ ಊರು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಹಡಗಿನಿಂದ ಹಡಗಿಗೆ ಬದಲಾಯಿಸುತ್ತ, ತಿಂಗಳುಗಟ್ಟಲೆ ಅವನನ್ನು ನೀರಿನ ಮೇಲೆಯೇ ಇಟ್ಟರು.

1898ರ ಮಾರ್ಚ್ 28ರಂದು ಆರು-ಎರಡರ ಬಹುಮತದಿಂದ ಸುಪ್ರೀಂ ಕೋರ್ಟು ಅವನ ಪರ ತೀರ್ಪು ಕೊಟ್ಟಿತು. ಬರೆದವರು ಅದೇ ಹೊರೇಸ್ ಗ್ರೇ. ಎಲ್ಕ್ ತೀರ್ಪು ತಾನೇ ಬರೆದದ್ದು, ಅದು ಬುಡಕಟ್ಟುಗಳ ವಿಶೇಷ ಸ್ಥಿತಿಗೆ ಮಾತ್ರ ಸೀಮಿತ ಎಂದು ಅವರೇ ಹೇಳಿದರು. 1608ರ ಕ್ಯಾಲ್ವಿನ್ ಪ್ರಕರಣದಿಂದ ಹಿಡಿದು ಇಂಗ್ಲಿಷ್ ಸಾಮಾನ್ಯ ಕಾನೂನನ್ನೆಲ್ಲ ಜಾಲಾಡಿದರು. ಜೊತೆಗೆ, ಚೀನೀಯರ ಮಕ್ಕಳನ್ನು ಹೊರಗಿಡುವ ತರ್ಕವನ್ನು ಒಪ್ಪಿದರೆ ಇಂಗ್ಲಿಷ್, ಸ್ಕಾಟಿಷ್, ಐರಿಷ್, ಜರ್ಮನ್ ತಂದೆತಾಯಿಗಳ ಸಾವಿರಾರು ಮಕ್ಕಳ ಪೌರತ್ವವನ್ನೂ ನಿರಾಕರಿಸಬೇಕಾಗುತ್ತದೆ ಎಂದರು. ಆ ತೀರ್ಪಿನಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಾಣುವ ಭಾಗ ಇದೇ. ಆದರೆ ತೀರ್ಪಿನ ಉದ್ದಕ್ಕೂ ವಾಂಗ್‌ನ ತಂದೆತಾಯಿ ಅಮೆರಿಕದಲ್ಲಿ ಕಾಯಂ ವಾಸವಿದ್ದವರು ಎಂಬ ಸಂಗತಿ ಪ್ರಸ್ತಾಪವಾಗುತ್ತಲೇ ಇರುತ್ತದೆ. ಅದು ತೀರ್ಪಿಗೆ ಅಗತ್ಯವಾದ ಷರತ್ತೋ, ಬರಿಯ ಸಂಗತಿಯ ವಿವರವೋ? ಎಚ್‌1ಬಿ ದಂಪತಿಯ ಮಗುವಿನ ಭವಿಷ್ಯ ಇಂದು ಈ ಪ್ರಶ್ನೆಗೆ ಕಟ್ಟುಬಿದ್ದಿದೆ. ಷರತ್ತು ಎಂದೇ ಇಟ್ಟುಕೊಂಡರೂ, ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಅಲ್ಲೇ ನೆಲೆಸುವ ಉದ್ದೇಶ ಇಟ್ಟುಕೊಳ್ಳಲು ಎಚ್‌1ಬಿ ವೀಸಾ ಕಾನೂನುಬದ್ಧವಾಗಿಯೇ ಅವಕಾಶ ಕೊಡುತ್ತದೆ. ಅಂಥವರಿಗೆ ಕಾಯಂ ವಾಸವಿಲ್ಲ ಎನ್ನುವುದು ಹೇಗೆ?

ಮುಂದಿನ ಎಂಟು ದಶಕ ಪ್ರಶ್ನೆ ಬಹುತೇಕ ಮಲಗಿತ್ತು. 1982ರ ಪ್ಲೈಲರ್ ವಿರುದ್ಧ ಡೋ ತೀರ್ಪಿನ ಹತ್ತನೆಯ ಅಡಿಟಿಪ್ಪಣಿಯಲ್ಲಿ, ಸಕ್ರಮವಾಗಿ ಬಂದವರಿಗೂ ಅಕ್ರಮವಾಗಿ ಬಂದವರಿಗೂ ಅಧಿಕಾರವ್ಯಾಪ್ತಿಯ ವಿಷಯದಲ್ಲಿ ವ್ಯತ್ಯಾಸ ಕಾಣುವುದು ಸಾಧ್ಯವಿಲ್ಲ ಎಂದು ಕೋರ್ಟು ಹೇಳಿತು. ಮೂರು ವರ್ಷಗಳ ಬಳಿಕ ಯೇಲ್ ವಿಶ್ವವಿದ್ಯಾಲಯದ ಪೀಟರ್ ಶಕ್ ಮತ್ತು ರೋಜರ್ಸ್ ಸ್ಮಿತ್ ಒಂದು ಪುಸ್ತಕ ಬರೆದು ಅದನ್ನು ಪ್ರಶ್ನಿಸಿದರು. ಪ್ರಜಾಪ್ರಭುತ್ವದಲ್ಲಿ ಪೌರತ್ವಕ್ಕೆ ಪರಸ್ಪರ ಸಮ್ಮತಿ ಬೇಕು, ಅಕ್ರಮವಾಗಿ ನೆಲೆಸಿದವರ ಮಕ್ಕಳ ಬಗ್ಗೆ ಆ ಸಮ್ಮತಿ ಕೊಡುವುದೋ ಬಿಡುವುದೋ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಬಿಟ್ಟದ್ದು ಎಂದು ವಾದಿಸಿದರು. ಅವರು ವಲಸಿಗರ ದ್ವೇಷಿಗಳಲ್ಲ. ರಾಜಕೀಯ ತತ್ತ್ವದ ಪ್ರಶ್ನೆಯೊಂದನ್ನು ಗಂಭೀರವಾಗಿ ಕೇಳಿದವರು. ಆದರೆ ಆ ಪುಸ್ತಕ ಬರುವವರೆಗೆ ಅಂಚಿನಲ್ಲಿದ್ದ ವಾದಕ್ಕೆ ಅದರ ನಂತರ ಯೇಲ್‌ನ ಮುದ್ರೆ ಸಿಕ್ಕಿತು. ರಾಜಕಾರಣಿಗಳು ವಾದವನ್ನು ಎತ್ತಿಕೊಂಡರು, ಕಾಂಗ್ರೆಸ್ಸಿಗೆ ಬಿಟ್ಟದ್ದು ಎಂಬ ಅದರ ಮಿತಿಯನ್ನು ಬಿಟ್ಟರು. 2025ರಲ್ಲಿ ಅಧ್ಯಕ್ಷರೊಬ್ಬರೇ ಸಹಿ ಹಾಕಿ ಮುಗಿಸಿದರು. ರೋಜರ್ಸ್ ಸ್ಮಿತ್ ಎರಡು ದಶಕಗಳ ನಂತರ ತಮ್ಮ ವಾದಕ್ಕೆ ತಾವೇ ಮರಳಿ, ಇಷ್ಟು ಕಾಲ ಕಾಂಗ್ರೆಸ್ಸು ಜನ್ಮಸಿದ್ಧ ಪೌರತ್ವವನ್ನು ಬದಲಾಯಿಸದೆ ಇದ್ದುದೇ ಒಂದು ಬಗೆಯ ಸಮ್ಮತಿ ಎಂದು ಬರೆದರು. ಹಾಗೆ ಮರಳಿ ನೋಡುವ ವಿದ್ವಾಂಸರು ಕಡಿಮೆ. ಆ ಕಾರಣಕ್ಕೆ ಅವರ ಮೇಲೆ ನನಗೆ ಗೌರವವಿದೆ.

ಉತ್ತರವಾಗಿ ಬಂದ ಬರಹಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಗೇಬ್ರಿಯಲ್ ಚಿನ್ ಮತ್ತು ಪಾಲ್ ಫಿಂಕಲ್‌ಮನ್ ಅವರ 2021ರ ಸಂಶೋಧನೆ. 1868ರಲ್ಲಿ ಅಕ್ರಮ ವಲಸೆ ಎಂಬುದೇ ಇರಲಿಲ್ಲ, ಆದ್ದರಿಂದ ತಿದ್ದುಪಡಿ ಮಾಡಿದವರು ಅದರ ಬಗ್ಗೆ ಯೋಚಿಸಿರಲಾರರು ಎಂದು ದಶಕಗಳ ಕಾಲ ಎರಡೂ ಕಡೆಯವರು ನಂಬಿದ್ದರು. ಇವರಿಬ್ಬರೂ ಗುಲಾಮರ ಸಾಗಣೆಯ ಕಾನೂನುಗಳನ್ನು ತೆರೆದರು. ವಿದೇಶದಿಂದ ಗುಲಾಮರನ್ನು ತರುವುದು 1808ರಿಂದ ಕಾನೂನುಬಾಹಿರ. ಆದರೂ ಕದ್ದು ತಂದರು. ಹಾಗೆ ತರಲಾದವರು ದೇಶದೊಳಗೆ ಇರುವುದೇ ಕಾನೂನಿಗೆ ವಿರುದ್ಧವಾಗಿತ್ತು, ಅವರನ್ನು ಹೊರಗೆ ಕಳಿಸುವ ಕಾನೂನೂ ಇತ್ತು. ಅವರ ಮಕ್ಕಳನ್ನು, ಮೊಮ್ಮಕ್ಕಳನ್ನು ಹದಿನಾಲ್ಕನೆಯ ತಿದ್ದುಪಡಿ ಪೌರರನ್ನಾಗಿ ಮಾಡಿತು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಹಾಗಾದರೆ ತಂದೆತಾಯಿ ಅಕ್ರಮವಾಗಿ ಬಂದದ್ದು ಮಗುವಿನ ಪೌರತ್ವಕ್ಕೆ ಅಡ್ಡಿಯಾಗುವುದಿಲ್ಲ ಎಂದಾಯಿತು. ಹಳೆಯ ಕಾಯ್ದೆಗಳನ್ನು ತಾಳ್ಮೆಯಿಂದ ಓದಿ ಇಡೀ ವಾದದ ನೆಲಗಟ್ಟನ್ನೇ ಬದಲಿಸಿದ ಕೆಲಸ ಇದು.

ತಮ್ಮ ಪಾಳಯಕ್ಕೆ ರುಚಿಸದ ತೀರ್ಮಾನಕ್ಕೆ ಬಂದವರೂ ಇದ್ದಾರೆ. ಸಂವಿಧಾನವನ್ನು ಅದು ರಚನೆಯಾದ ಕಾಲದ ಅರ್ಥದಲ್ಲೇ ಓದಬೇಕು ಎನ್ನುವ ಮೂಲಾರ್ಥವಾದಿಗಳಲ್ಲಿ ಬಹುಪಾಲು ಜನ ಸಂಪ್ರದಾಯವಾದಿಗಳು. ಅವರಲ್ಲೇ ಒಬ್ಬರಾದ ಮೈಕೆಲ್ ರಾಮ್ಸೆ 2020ರಲ್ಲಿ ಅದೇ ವಿಧಾನವನ್ನು ಅನುಸರಿಸಿ, ತಾತ್ಕಾಲಿಕವಾಗಿ ಇರುವವರ ಮತ್ತು ಅಕ್ರಮವಾಗಿ ಇರುವವರ ಮಕ್ಕಳೂ ಪೌರರೇ ಎಂಬ ತೀರ್ಮಾನಕ್ಕೆ ಬಂದರು. ಟ್ರಂಪ್ ಅವರೇ ಮುಂದೆ ಮೇಲ್ಮನವಿ ನ್ಯಾಯಾಲಯಕ್ಕೆ ನೇಮಿಸಿದ ಜೇಮ್ಸ್ ಹೋ ಕೂಡ 2006ರಲ್ಲಿ ವಕೀಲರಾಗಿದ್ದಾಗ ಇದೇ ಅರ್ಥದ ಲೇಖನ ಬರೆದಿದ್ದರು.

ಈ ಹಿನ್ನೆಲೆಯಲ್ಲಿ 2025ರ ಫೆಬ್ರುವರಿಯನ್ನು ನೋಡಬೇಕು. ಆದೇಶ ಬಂದು ನಾಲ್ಕು ವಾರಗಳೊಳಗೆ ಕಾನೂನು ಪ್ರಾಧ್ಯಾಪಕರಾದ ರ‍್ಯಾಂಡಿ ಬಾರ್ನೆಟ್ ಮತ್ತು ಇಲಾನ್ ವುರ್ಮನ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ, ಟ್ರಂಪ್ ಅವರ ವಾದದಲ್ಲಿ ಹುರುಳಿರಬಹುದು ಎಂದು ಬರೆದರು. ರಾಜ್ಯದ ರಕ್ಷಣೆಗೆ ಬದಲಾಗಿ ನಿಷ್ಠೆ ಎಂಬ ಒಪ್ಪಂದವೇ ಪೌರತ್ವದ ತಳಹದಿ, ಕಾನೂನು ಮುರಿದು ಬಂದವರು ಆ ಒಪ್ಪಂದಕ್ಕೆ ಬಂದವರಲ್ಲ ಎಂಬುದು ಅದರ ತಿರುಳು. ಬೆನ್ನಲ್ಲೇ ಕರ್ಟ್ ಲ್ಯಾಷ್ ಮುಂತಾದವರ ದೀರ್ಘ ಲೇಖನಗಳು ಬಂದವು. ಇವಾನ್ ಬರ್ನಿಕ್, ಪಾಲ್ ಗೌಡರ್, ಆಂಟನಿ ಮೈಕೆಲ್ ಕ್ರೈಸ್ ಸೇರಿ ಕಟುವಾದ ಉತ್ತರ ಬರೆದರು. ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಹೊಸ ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ನೂರಿಪ್ಪತ್ತೈದು ವರ್ಷ ನಿಂತ ತೀರ್ಪಿನ ವಿರುದ್ಧ, ನ್ಯಾಯಾಲಯದ ದಿನಾಂಕಕ್ಕೆ ಹೊಂದಿಸಿಕೊಂಡು, ಮೊದಲು ದಿನಪತ್ರಿಕೆಯಲ್ಲಿ ತೀರ್ಮಾನ ಪ್ರಕಟಿಸಿ ಆಮೇಲೆ ಆಧಾರ ಕೂಡಿಸುವುದು ವಿದ್ವಾಂಸರ ಕ್ರಮವಲ್ಲ. ಅದು ವಕೀಲರ ಕ್ರಮ. ವಕೀಲರಿಗೆ ಅದು ತಪ್ಪಲ್ಲ, ಯಾಕೆಂದರೆ ಅವರ ಕಕ್ಷಿದಾರ ಯಾರೆಂದು ನ್ಯಾಯಾಧೀಶರಿಗೆ ಗೊತ್ತಿರುತ್ತದೆ. ಪ್ರಾಧ್ಯಾಪಕರ ಲೇಖನವನ್ನು ಓದುವವರು ಮಾತ್ರ ಅದಕ್ಕೆ ಕಕ್ಷಿದಾರನಿಲ್ಲ ಎಂದು ನಂಬಿ ಓದುತ್ತಾರೆ.

ಇನ್ನು ಆರಂಭದಲ್ಲಿ ಹೇಳಿದ 2017ರ ಲೇಖನ. ಆದೇಶ ಬಂದ ಮೂರನೆಯ ದಿನವೇ ಸಿಯಾಟಲ್‌ನ ನ್ಯಾಯಾಧೀಶ ಜಾನ್ ಕಫನೌರ್ ಅದು ಸ್ಪಷ್ಟವಾಗಿ ಸಂವಿಧಾನಬಾಹಿರ ಎಂದು ತಡೆದರು. ಅವರನ್ನು ನೇಮಿಸಿದವರು ಟ್ರಂಪ್ ಅವರದೇ ಪಕ್ಷದ ಅಧ್ಯಕ್ಷರಾಗಿದ್ದ ರೇಗನ್. ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್ ನ್ಯಾಯಾಲಯಗಳೂ ಇಡೀ ದೇಶಕ್ಕೆ ಅನ್ವಯವಾಗುವಂತೆ ತಡೆಯಾಜ್ಞೆ ಕೊಟ್ಟವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದಾಗ, ಆದೇಶ ಸರಿಯೇ ಎಂದು ತೀರ್ಮಾನಿಸಿ ಎಂದು ಕೇಳಲಿಲ್ಲ. ಒಬ್ಬ ಜಿಲ್ಲಾ ನ್ಯಾಯಾಧೀಶರು ಇಡೀ ದೇಶಕ್ಕೆ ತಡೆಯಾಜ್ಞೆ ಕೊಡಬಹುದೇ ಎಂದು ಮಾತ್ರ ಕೇಳಿತು.

2017ರ ಆ ಲೇಖನದಲ್ಲಿ ಕಾನೂನು ಪ್ರಾಧ್ಯಾಪಕ ಸ್ಯಾಮ್ಯುಯೆಲ್ ಬ್ರೇ, ಕೊಡಲಾಗದು ಎಂದಿದ್ದರು. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಈ ಅಧಿಕಾರ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದಿಂದ ಬಂದದ್ದು. ಅಲ್ಲಿ ಇದ್ದವನು ಒಬ್ಬನೇ ಚಾನ್ಸಲರ್ (ಅದರ ನ್ಯಾಯಾಧೀಶ), ಆತ ಕೂಡ ದಾವೆಯಲ್ಲಿ ಇಲ್ಲದವರಿಗೆ ಪರಿಹಾರ ಕೊಡುತ್ತಿರಲಿಲ್ಲ. ಅಮೆರಿಕದಲ್ಲಿ ಆರುನೂರಕ್ಕೂ ಹೆಚ್ಚು ಜಿಲ್ಲಾ ನ್ಯಾಯಾಧೀಶರಿದ್ದಾರೆ, ತಮಗೆ ಅನುಕೂಲವಾದ ನ್ಯಾಯಾಧೀಶರನ್ನು ಹುಡುಕಿ ಹೋಗುವ ಚಾಳಿ ಬೆಳೆಯುತ್ತದೆ ಎಂಬುದು ಅವರ ಆತಂಕ. ಈ ಆತಂಕ ಪೊಳ್ಳಲ್ಲ. ಒಬಾಮ ಅವರ ವಲಸೆ ನೀತಿಯನ್ನು 2015ರಲ್ಲಿ ಟೆಕ್ಸಸ್‌ನ ಒಬ್ಬ ನ್ಯಾಯಾಧೀಶರು ತಡೆದಾಗ ಡೆಮಾಕ್ರಾಟರು ಇದೇ ದೂರು ಹೇಳಿದ್ದರು. ಮಿಲಾ ಸೊಹೊನಿ 2020ರಲ್ಲಿ ಅದೇ ಹಾರ್ವರ್ಡ್ ಲಾ ರಿವ್ಯೂನಲ್ಲಿ ಬ್ರೇ ಅವರಿಗೆ ಉತ್ತರ ಕೊಟ್ಟರು. 1913ರಷ್ಟು ಹಿಂದೆಯೇ, ಪತ್ರಿಕೆಗಳ ಮೇಲಿನ ಕಾನೂನೊಂದನ್ನು, ದಾವೆ ಹೂಡದ ಪತ್ರಿಕೆಗಳಿಗೂ ಅನ್ವಯವಾಗುವಂತೆ ಸುಪ್ರೀಂ ಕೋರ್ಟೇ ತಡೆದಿತ್ತು ಎಂದು ತೋರಿಸಿದರು.

ಕಾಸಾ ತೀರ್ಪಿನಲ್ಲಿ ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಬ್ರೇ ಅವರ ಹಾದಿ ಹಿಡಿದರು. 1789ರ ನ್ಯಾಯಾಂಗ ಕಾಯ್ದೆ ಕೊಟ್ಟ ಅಧಿಕಾರ ಎಷ್ಟೆಂದು ಕೇಳುವಾಗ ಇಪ್ಪತ್ತನೆಯ ಶತಮಾನದ ಉದಾಹರಣೆಗಳು ಉತ್ತರವಾಗವು ಎಂದರು. ಭಿನ್ನಮತ ಬರೆದ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಸೊಹೊನಿ ಅವರ ಸಂಶೋಧನೆಯನ್ನು ಆಧರಿಸಿದರು. ಎರಡೂ ಲೇಖನಗಳು ಪ್ರಾಮಾಣಿಕವಾದವು, ಎರಡನ್ನೂ ನೀವು ಓದಬೇಕು. ಆದರೆ ವಿದ್ವತ್ತಿನಲ್ಲಿ ಇನ್ನೂ ತೆರೆದೇ ಇದ್ದ ಚರ್ಚೆ ಆ ಬೆಳಿಗ್ಗೆ ಆರು-ಮೂರರಲ್ಲಿ ಮುಚ್ಚಿತು. ಹುಟ್ಟಲಿರುವ ಮಗುವಿನ ಸ್ಥಿತಿಯೇನು ಎಂದು ಆ ವಾರ ಅಲ್ಲಿನ ಗರ್ಭಿಣಿಯರು ತಮ್ಮ ವಕೀಲರನ್ನು ಕೇಳಬೇಕಾಯಿತು.

ವಕೀಲರು ಬೇರೆ ದಾರಿ ಹುಡುಕಿದರು. ತೀರ್ಪು ತಡೆದದ್ದು ಎಲ್ಲರಿಗೂ ಅನ್ವಯವಾಗುವ ತಡೆಯಾಜ್ಞೆಯನ್ನು, ಸಾಮೂಹಿಕ ದಾವೆಯನ್ನಲ್ಲ. ಜುಲೈ 10ರಂದು ನ್ಯೂ ಹ್ಯಾಂಪ್‌ಷೈರ್‌ನ ನ್ಯಾಯಾಧೀಶ ಜೋಸೆಫ್ ಲಾಪ್ಲಾಂಟ್, ಆದೇಶ ತಟ್ಟುವ ಮಕ್ಕಳನ್ನೆಲ್ಲ ಒಂದು ವರ್ಗವೆಂದು ತಾತ್ಕಾಲಿಕವಾಗಿ ಪರಿಗಣಿಸಿ ಮತ್ತೆ ತಡೆ ಕೊಟ್ಟರು. 2025ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟು ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಿತು. ಈ ಬಾರಿ ಚರ್ಚೆಗೆ ಬರುವುದು ಹದಿನಾಲ್ಕನೆಯ ತಿದ್ದುಪಡಿಯ ವಾಕ್ಯವೇ. ಕೋವನ್, ಕಾನೆಸ್, ಎಲ್ಕ್, ವಾಂಗ್, ಗುಲಾಮರ ಹಡಗುಗಳು ಎಲ್ಲವೂ ಮತ್ತೆ ಆ ಕೋಣೆಗೆ ಬರುತ್ತವೆ.

ಉಪನ್ಯಾಸದ ನಂತರ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. “ಸರ್, ತೀರ್ಪು ವಿರುದ್ಧವಾಗಿ ಬಂದರೆ ಅಲ್ಲಿ ಹುಟ್ಟುವ ನಮ್ಮವರ ಮಕ್ಕಳಿಗೆ ಯಾವ ದೇಶವೂ ಇಲ್ಲದಂತಾಗುತ್ತದೆಯೇ?”

ಸಾಮಾನ್ಯವಾಗಿ ಆಗುವುದಿಲ್ಲ ಎಂದು ಉತ್ತರಿಸಿದೆ. ನಮ್ಮ 1955ರ ಪೌರತ್ವ ಕಾಯ್ದೆಯ 4ನೆಯ ಕಲಮಿನ ಪ್ರಕಾರ ವಿದೇಶದಲ್ಲಿ ಹುಟ್ಟಿದ ಮಗುವಿನ ತಂದೆ ಅಥವಾ ತಾಯಿ ಭಾರತದ ಪೌರರಾಗಿದ್ದರೆ ಮಗು ವಂಶಾನುಗತವಾಗಿ ಭಾರತೀಯ. ಆದರೆ 2003ರ ತಿದ್ದುಪಡಿಯ ನಂತರ ಅದು ತಾನಾಗಿಯೇ ಸಿಗುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಘೋಷಿಸಬೇಕು. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನಮ್ಮ ನೆಲದಲ್ಲೇ ಹುಟ್ಟಿದವರಿಗೂ ಬರಿಯ ಹುಟ್ಟಿನಿಂದ ಪೌರತ್ವ ಸಿಗುತ್ತಿದ್ದುದು 1987ರ ಜುಲೈ 1ರ ಮುಂಚಿನವರೆಗೆ ಮಾತ್ರ ಎಂಬುದನ್ನೂ ಅವಳಿಗೆ ನೆನಪಿಸಿದೆ. ತಂದೆತಾಯಿಯಲ್ಲಿ ಒಬ್ಬರೂ ಭಾರತೀಯರಲ್ಲದ, ತಮ್ಮ ಸ್ವಂತ ದೇಶವೇ ಪೌರರೆಂದು ಒಪ್ಪದ ನಿರಾಶ್ರಿತರ ಮಕ್ಕಳಿಗೆ ಇಂಥ ಬಾಗಿಲು ಕೂಡ ಇರುವುದಿಲ್ಲ. ಅಮೆರಿಕ ತನ್ನ ನಿಯಮ ಬದಲಿಸಿದರೆ ನಮ್ಮ ದೂತಾವಾಸಗಳ ಒಂದು ವರ್ಷದ ಗಡುವಿನ ಮೇಲೆ ಏನು ಹೊರೆ ಬೀಳುತ್ತದೆ, ತೀರ್ಪಿಗೆ ಕಾಯುತ್ತ ಗಡುವು ಮೀರಿದ ಮಕ್ಕಳ ಗತಿ ಏನು ಎಂಬುದರ ಬಗ್ಗೆ ಅವಳೇ ಒಂದು ಲೇಖನ ಬರೆಯಬೇಕೆಂದು ಕೇಳಿಕೊಂಡಿದ್ದೇನೆ. ಕಲಮಿನ ಪರ ಇರುವುದನ್ನೂ ವಿರುದ್ಧ ಇರುವುದನ್ನೂ ಎರಡನ್ನೂ ಹಾಕು ಎಂದಿದ್ದೇನೆ. ಒಪ್ಪಿಕೊಂಡಿದ್ದಾಳೆ.